ಸವಾಲು ಹಾಕಿಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೂವತ್ತು ದಿನದ ಸವಾಲು, ನೂರು ದಿನದ ಸವಾಲು, ವರ್ಷಪೂರ್ತಿಯ ಸಂಕಲ್ಪ ಎಂದು ತಮಗೆ ತಾವೇ ಪಂಥ ಕಟ್ಟಿಕೊಂಡವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ತಿಂಗಳ ಒಂದನೇ ತಾರೀಖು ಬಂತೆಂದರೆ ನಾನೊಂದು ಪಟ್ಟಿ ಮಾಡುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ನಡಿಗೆ, ಇಪ್ಪತ್ತು ಪುಟ ಓದು, ಧ್ಯಾನ, ಮಲಗುವ ಮುಂಚೆ ಡೈರಿ. ನಾಲ್ಕು ದಿನ ಚೆನ್ನಾಗಿ ನಡೆಯುತ್ತದೆ. ಎರಡನೇ ವಾರಕ್ಕೆ ಒಂದೂ ಉಳಿದಿರುವುದಿಲ್ಲ. ನನಗೆ ಮನೋಬಲವೇ ಇಲ್ಲವೇ?

ನಿಮ್ಮ ಮನೋಬಲವನ್ನು ಅನುಮಾನಿಸುವ ಮೊದಲು ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಐದೂ ಕೆಲಸಗಳು ಒಂದಕ್ಕೊಂದು ತಗುಲಿಕೊಂಡಿವೆ. ರಾತ್ರಿ ಡೈರಿ ಬರೆಯುತ್ತಾ ಕೂತರೆ ಮಲಗುವುದು ತಡ, ಮಲಗಿದ್ದು ತಡವಾದರೆ ಐದಕ್ಕೆ ಏಳುವುದು ಕಷ್ಟ, ಏಳದಿದ್ದರೆ ನಡಿಗೆಯೂ ಇಲ್ಲ, ಧ್ಯಾನವೂ ಇಲ್ಲ. ಒಂದು ಕಳಚಿದ ದಿನ ಎಲ್ಲವೂ ಕಳಚುತ್ತವೆ.

ಹೊಸ ತಿಂಗಳು, ಹೊಸ ವರ್ಷ, ಹುಟ್ಟುಹಬ್ಬ, ಕಡೆಗೆ ಸೋಮವಾರವೂ ಸರಿ, ಇಂಥ ದಿನಗಳಲ್ಲಿ ಹೊಸದಾಗಿ ಶುರು ಮಾಡುವ ಹುರುಪು ಎಲ್ಲರಲ್ಲೂ ಏರುತ್ತದೆ. ಆ ಹುರುಪನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಒಂದನೇ ತಾರೀಖಿನ ಹುರುಪಿನಲ್ಲಿ ಅಳತೆ ಹಾಕಿದ ಸವಾಲು ಹನ್ನೊಂದನೇ ತಾರೀಖಿನ ದಣಿವಿಗೆ ಹೊಂದುವುದಿಲ್ಲ. ಅಳತೆಯನ್ನು ನಿಮ್ಮ ಅತಿ ಕೆಟ್ಟ ದಿನಕ್ಕೆ ಹಾಕಿ. ಕೆಲಸ ಮುಗಿದದ್ದು ತಡ, ತಲೆನೋವು, ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ. ಅಂಥ ದಿನವೂ ಇದನ್ನು ಮಾಡಬಲ್ಲೆನೇ ಎಂದು ಕೇಳಿಕೊಳ್ಳಿ. ಒಂದು ಗಂಟೆಯ ನಡಿಗೆ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಇಪ್ಪತ್ತು ಪುಟ ಎರಡು ಪುಟವಾಗುತ್ತದೆ. ಇಷ್ಟು ಚಿಕ್ಕದೇ ಎಂದು ನಾಚಿಕೆಯಾಗುವಷ್ಟು ಚಿಕ್ಕದಾಗಿದ್ದರೆ ಅಳತೆ ಸರಿಯಿದೆ ಎಂದೇ ತಿಳಿಯಿರಿ. ಮನಸ್ಸಿದ್ದ ದಿನ ಹೆಚ್ಚು ನಡೆಯಿರಿ, ಹೆಚ್ಚು ಓದಿ. ಆದರೆ ಮೊದಲ ಎರಡು ವಾರ ನಿಯಮವನ್ನು ಮಾತ್ರ ಏರಿಸಬೇಡಿ. ಮೂರನೇ ದಿನ ಸುಲಭವೆನಿಸಿತೆಂದು ಹತ್ತನ್ನು ಮೂವತ್ತು ಮಾಡಿದವರು ಹತ್ತನ್ನೂ ಕಳೆದುಕೊಳ್ಳುತ್ತಾರೆ.

ಐದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು? ನಮ್ಮ ಸಲಹೆ ನಡಿಗೆ. ಐದಕ್ಕೆ ಏಳುವುದನ್ನು ಸದ್ಯಕ್ಕೆ ಬಿಡಿ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಮಲಗುವ ಹೊತ್ತನ್ನು ಹಿಂದಕ್ಕೆ ತಾರದೆ ಏಳುವ ಹೊತ್ತನ್ನಷ್ಟೇ ಹಿಂದಕ್ಕೆ ತಂದರೆ ನಿದ್ದೆಗೇ ಕತ್ತರಿ ಬೀಳುತ್ತದೆ. ನಿದ್ದೆಗೆಟ್ಟವರಿಗೆ ಯಾವ ಸವಾಲೂ ದಕ್ಕುವುದಿಲ್ಲ. ಬೇಗ ಏಳಲೇಬೇಕೆಂದಿದ್ದರೆ ಮುಂದೊಂದು ತಿಂಗಳು ಅದೊಂದನ್ನೇ ಹಿಡಿಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ, ಮಲಗುವುದು ಮತ್ತು ಏಳುವುದು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಸರಿಸುತ್ತಾ ಬನ್ನಿ.

ಮುಂದಿನದು ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಯಾವಾಗ, ಎಲ್ಲಿ, ಯಾವ ಕೆಲಸದ ಬೆನ್ನಿಗೆ ಎಂದು ಒಂದೇ ವಾಕ್ಯದಲ್ಲಿ ಬರೆದಿಡಿ. ಬ್ರಿಟನ್ನಿನಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಏನನ್ನೂ ಕೊಡದ ಗುಂಪಿನಲ್ಲಿ ಅದನ್ನು ಪಾಲಿಸಿದವರು ಶೇ 38. ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಎಂಥ ಅಪಾಯ ಎಂದು ಓದಿಸಿದ ಗುಂಪಿನಲ್ಲಿ ಶೇ 35. ಅದನ್ನೇ ಓದಿ, ಜೊತೆಗೆ ಯಾವ ದಿನ, ಯಾವ ಹೊತ್ತು, ಯಾವ ಜಾಗ ಎಂದು ಬರೆದಿಟ್ಟುಕೊಂಡವರಲ್ಲಿ ಶೇ 91. ಹೆದರಿಕೆ ಸಾಧಿಸದ್ದನ್ನು ಒಂದು ವಾಕ್ಯ ಸಾಧಿಸಿತು.

ವಾಕ್ಯ ಹೀಗಿರಲಿ: "ಕೆಲಸದಿಂದ ಬಂದು ಚೀಲ ಕೆಳಗಿಟ್ಟ ಕೂಡಲೇ, ಕುರ್ಚಿಯಲ್ಲಿ ಕೂರುವ ಮೊದಲು, ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆ." ಬರೀ "ಸಂಜೆ" ಎಂದರೆ ಸಾಲದು, ಸಂಜೆಗೆ ನಾಲ್ಕು ಗಂಟೆಗಳ ಉದ್ದವಿದೆ. ನೀವು ಆನಿಕೆಗೆ ಹಿಡಿಯುವ ಕೆಲಸ ರಜೆಯ ದಿನವೂ ನಡೆಯುವಂಥದ್ದಾಗಿರಬೇಕು. ಚೀಲ ಕೆಳಗಿಡುವುದು ಭಾನುವಾರ ಇರುವುದಿಲ್ಲ, ಹಾಗಾಗಿ ಭಾನುವಾರಕ್ಕೆ ಇನ್ನೊಂದು ವಾಕ್ಯ ಬರೆಯಿರಿ. ಮಳೆ ಬಂದರೆ ಏನು ಮಾಡುವುದೆಂಬುದನ್ನೂ ಈಗಲೇ ತೀರ್ಮಾನಿಸಿ. ಚಪ್ಪಲಿಯೋ ಬೂಟೋ ಬಾಗಿಲಲ್ಲೇ, ಕಣ್ಣಿಗೆ ಬೀಳುವಂತಿರಲಿ.

ಪ್ರಶ್ನೆ: ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಕೂಡಿಬರುತ್ತದೆ ಎನ್ನುತ್ತಾರೆ. ನಾನು ಹದಿನಾರನೇ ದಿನ ತಪ್ಪಿಸಿದೆ. ಮತ್ತೆ ಒಂದರಿಂದ ಎಣಿಸಬೇಕೇ?

ಬೇಡ. ಇಪ್ಪತ್ತೊಂದು ದಿನದ ಮಾತು ಶುರುವಾದದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಒಂದು ಗಮನಿಕೆಯಿಂದ. ಶಸ್ತ್ರಚಿಕಿತ್ಸೆಯ ನಂತರ ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ ಅಷ್ಟು ದಿನ ಹಿಡಿಯುತ್ತದೆ ಎಂದು ಅವರು ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆಯೆಂದರೂ" ಎಂಬುದು ಬಿದ್ದುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ತಂಡ 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಬರೆದ ಅಧ್ಯಯನದಲ್ಲಿ, ಒಂದು ಕೆಲಸ ಯೋಚಿಸದೆಯೇ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು. ಒಬ್ಬೊಬ್ಬರ ಅಂತರ ದೊಡ್ಡದು: ಲೆಕ್ಕದ ಪ್ರಕಾರ 18 ದಿನದಿಂದ 254 ದಿನದವರೆಗೆ. ಎದ್ದ ಮೇಲೆ ಒಂದು ಲೋಟ ನೀರು ಕುಡಿಯುವಂಥವು ಬೇಗ ಕೂಡುತ್ತವೆ, ವ್ಯಾಯಾಮ ತಡ. ನಿಮಗೆ ಬೇಕಾದ ಉತ್ತರವೂ ಅದೇ ಅಧ್ಯಯನದಲ್ಲಿದೆ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಿರಲಿಲ್ಲ.

ಹಾನಿ ಮಾಡುವುದು ತಪ್ಪಿದ ದಿನದ ಮರುದಿನ. "ಹೇಗೂ ಕೆಟ್ಟಿತಲ್ಲ, ಮುಂದಿನ ತಿಂಗಳು ನೋಡೋಣ" ಎಂಬ ಮಾತು ತಲೆಯಲ್ಲಿ ಸುಳಿಯುವುದು ಆಗಲೇ. ಅದಕ್ಕೆ ಮೊದಲೇ ನಿಯಮ ಮಾಡಿಡಿ: ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪಬಾರದು. ತಪ್ಪಿದ ಮರುದಿನ ಅರ್ಧ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಮೂವತ್ತು ದಿನದ ಸವಾಲನ್ನು "ಮೂವತ್ತರಲ್ಲಿ ಇಪ್ಪತ್ತೈದು" ಎಂದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಿಮ್ಮದು ಈಗ ಹದಿನೇಳನೇ ದಿನ, ಹಾಗೆಯೇ ಮುಂದುವರಿಸಿ.

ಪ್ರಶ್ನೆ: ಪ್ರತಿ ರಾತ್ರಿ ಕೃತಜ್ಞತೆಯ ಡೈರಿ ಬರೆಯುವ ಸವಾಲು ತೆಗೆದುಕೊಂಡೆ. "ಮನೆ, ಮಕ್ಕಳು, ಆರೋಗ್ಯ" ಎಂದು ದಿನಾ ಅದನ್ನೇ ಬರೆಯುತ್ತಿದ್ದೇನೆ. ಏನೂ ಅನ್ನಿಸುವುದಿಲ್ಲ. ನಿಲ್ಲಿಸಲೇ?

ನಿಲ್ಲಿಸಬೇಡಿ, ಬರೆಯುವ ರೀತಿಯನ್ನು ಬದಲಾಯಿಸಿ. ಪಟ್ಟಿಯ ಹಾಗೆ ಬರೆದರೆ ಕೈ ಬರೆಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಮಕ್ಕಳು ಎಂದು ಬರೆಯುವ ಬದಲು ಮಗಳು ಇವತ್ತು ಏನು ಮಾಡಿದಳು ಎಂದು ಬರೆಯಿರಿ: "ನಾನು ಫೋನಿನಲ್ಲಿದ್ದಾಗ ಸದ್ದು ಮಾಡದೆ ಬಂದು ಫ್ಯಾನ್ ಹಾಕಿ ಹೋದಳು." ಅದರ ಕೆಳಗೆ ಇನ್ನೊಂದು ಸಾಲು, ಇದು ಯಾಕೆ ಆಯಿತು? "ನನಗೆ ಸೆಕೆಯಾಗುತ್ತಿದೆ ಎಂದು ಅವಳು ಗಮನಿಸಿದ್ದಳು." ಈ "ಯಾಕೆ" ಸಾಲನ್ನೇ ಜನ ಬಿಡುವುದು. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ವಾರ, ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನು ಕಾರಣದ ಸಮೇತ ಬರೆಯಲು ಹೇಳಿದ್ದರು. ಆರು ತಿಂಗಳ ನಂತರವೂ ಆ ಗುಂಪಿನವರ ಸಂತೋಷದ ಅಂಕ ಮೇಲೆಯೇ ಇತ್ತು. ವಾರ ಮುಗಿದ ಮೇಲೂ ತಮ್ಮಷ್ಟಕ್ಕೆ ಮುಂದುವರಿಸಿದವರಿಗೆ ಹೆಚ್ಚು ಲಾಭವಾಗಿತ್ತು.

ದಿನಾ ಬರೆಯುವುದು ಬೇಸರವೆನಿಸಿದರೆ ವಾರಕ್ಕೊಮ್ಮೆ ಬರೆಯಿರಿ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ ಒಂದರಲ್ಲಿ ಹತ್ತು ವಾರ, ವಾರಕ್ಕೊಮ್ಮೆ, ಐದರವರೆಗೆ ಸಂಗತಿಗಳನ್ನು ಬರೆಸಿದ್ದರು. ಅದೂ ಫಲ ಕೊಟ್ಟಿತ್ತು. ಹದಿನೈದು ನಿಮಿಷ ಬಿಡುವಿರುವ ದಿನ ಹಿಡಿಯಿರಿ, ಆ ವಾರ ಬರೆದ ವಿಷಯವನ್ನು ಮುಂದಿನ ವಾರ ಬರೆಯುವಂತಿಲ್ಲ ಎಂದು ಕಟ್ಟಿಕೊಳ್ಳಿ.

ತಿಂಗಳಿಗೊಮ್ಮೆ ಡೈರಿ ಮುಚ್ಚಿ, ಉಪಕಾರ ಮಾಡಿದ ಒಬ್ಬರಿಗೆ ಪತ್ರ ಬರೆಯಿರಿ. ಸುಮಾರು ಒಂದು ಪುಟ. ಅವರು ಏನು ಮಾಡಿದ್ದರು, ಅದರಿಂದ ನಿಮಗೇನಾಯಿತು, ಈಗ ನೀವು ಎಲ್ಲಿದ್ದೀರಿ, ಇಷ್ಟಿದ್ದರೆ ಸಾಕು. "ಇಷ್ಟು ವರ್ಷದ ಮೇಲೆ ಬರೆದರೆ ಏನಂದುಕೊಂಡಾರು" ಎಂಬ ಸಂಕೋಚವೇ ಕೈ ಹಿಡಿದು ನಿಲ್ಲಿಸುವುದು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಪತ್ರ ಪಡೆದವರಿಗೆ ಮುಜುಗರವಾದೀತೆಂದು ಬರೆದವರು ಊಹಿಸಿದ್ದು ಹೆಚ್ಚು, ನಿಜವಾಗಿ ಆದದ್ದು ಕಡಿಮೆ. ಸಂತೋಷದ ಲೆಕ್ಕ ಇದಕ್ಕೆ ತಿರುಗಾಮುರುಗಾ.

ಪ್ರಶ್ನೆ: ಮೊಬೈಲ್ ಬಿಡುವ ಸವಾಲನ್ನು ಮೂರು ಬಾರಿ ತೆಗೆದುಕೊಂಡು ಸೋತೆ. ಕೆಲಸಕ್ಕೆ ಮೊಬೈಲ್ ಬೇಕೇ ಬೇಕು. ಒಮ್ಮೆ ಕೈಗೆತ್ತಿಕೊಂಡರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಮೊಬೈಲನ್ನೇ ಬಿಡುತ್ತೇನೆ ಎಂಬ ಸವಾಲು ನಿಮಗೆ ಹೊಂದುವುದಿಲ್ಲ, ಏಕೆಂದರೆ ಕರೆ, ಬ್ಯಾಂಕು, ಕೆಲಸದ ಸಂದೇಶ ಎಲ್ಲವೂ ಅದರಲ್ಲೇ ಇವೆ. ಒಂದು ಕರೆಗೆ ಮುಟ್ಟಿದ ಕೂಡಲೇ ಸವಾಲು ಮುರಿದಂತಾಗುತ್ತದೆ. ಮೊದಲು ಮೂರು ದಿನ ಏನನ್ನೂ ಬದಲಿಸದೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಗುತ್ತಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಒಂದೋ ಎರಡೋ ಆ್ಯಪ್ ಹೆಚ್ಚಿನ ಪಾಲು ತಿಂದಿರುತ್ತವೆ. ಸವಾಲು ಅವಕ್ಕೆ ಮಾತ್ರ.

ಪೂರ್ತಿ ಬಿಡಬೇಕಾಗಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 143 ವಿದ್ಯಾರ್ಥಿಗಳೊಂದಿಗೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಒಂದೊಂದಕ್ಕೂ ದಿನಕ್ಕೆ ಹತ್ತು ನಿಮಿಷದ ಮಿತಿ ಹಾಕಿದ್ದರು. ಮೂರು ವಾರದಲ್ಲಿ, ಎಂದಿನಂತೆ ಬಳಸಿದವರಿಗಿಂತ ಮಿತಿ ಹಾಕಿಕೊಂಡವರಲ್ಲಿ ಒಂಟಿತನದ ಭಾವ ಕುಗ್ಗಿತ್ತು. ಶುರುವಿನಲ್ಲಿ ಖಿನ್ನತೆ ಹೆಚ್ಚಿದ್ದವರಲ್ಲಿ ಅದೂ ಇಳಿದಿತ್ತು.

ನಿಮ್ಮ ಮೂರು ವಾರಕ್ಕೆ ಹೀಗೆ ಮಾಡಿ. ಕರೆ ಮತ್ತು ನಿಜವಾಗಿ ಬೇಕಾದ ಸಂದೇಶಗಳನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಷನ್ ಮುಚ್ಚಿ. ಹೊತ್ತು ತಿನ್ನುವ ಆ್ಯಪ್‌ನಿಂದ ಲಾಗ್ ಔಟ್ ಆಗಿ. ಪ್ರತಿ ಬಾರಿ ಪಾಸ್‌ವರ್ಡ್ ಹಾಕಬೇಕಾದಾಗ, ಬೆರಳು ತಾನಾಗಿ ಹೋದದ್ದು ಗಮನಕ್ಕೆ ಬರುತ್ತದೆ. ದಿನಕ್ಕೆ ಹದಿನೈದು ನಿಮಿಷದ ಎರಡು ಹೊತ್ತು ಗೊತ್ತುಮಾಡಿ, ಆಗ ಕೂತೇ ನೋಡಿ. ಅಲಾರಾಂಗೆ ಬೇರೆ ಗಡಿಯಾರ ಇಟ್ಟುಕೊಳ್ಳಿ, ಫೋನು ರಾತ್ರಿ ಇನ್ನೊಂದು ಕೋಣೆಯಲ್ಲಿ ಚಾರ್ಜ್ ಆಗಲಿ. ಅಲಾರಾಂ ಫೋನಿನಲ್ಲೇ ಇದ್ದರೆ ದಿನದ ಮೊದಲ ಕೆಲಸವೇ ಫೋನು ಹಿಡಿಯುವುದಾಗುತ್ತದೆ. ಆಮೇಲಿನದು ನಮಗೆ ಗೊತ್ತೇ ಇದೆ.

ಇಷ್ಟು ಮಾಡಿಯೂ ಸೋಲುವವರು ಸೋಲುವುದು ಖಾಲಿಯಾದ ಹೊತ್ತಿನ ಎದುರು. ಊಟದ ನಂತರದ ಅರ್ಧ ಗಂಟೆ, ಬಸ್ಸಿಗೆ ಕಾಯುವ ಹತ್ತು ನಿಮಿಷ, ನಿದ್ದೆ ಬರದ ರಾತ್ರಿ, ಇವುಗಳಿಗೆ ಮೊದಲೇ ಬದಲಿ ಇಡಿ. ಚೀಲದಲ್ಲೊಂದು ತೆಳ್ಳಗಿನ ಪುಸ್ತಕ, ಊಟದ ಮೇಲೆ ಒಬ್ಬರಿಗೆ ಕರೆ. ರಾತ್ರಿಗೆ ನಮ್ಮ ಮೆಚ್ಚಿನದೊಂದಿದೆ: ಮಲಗುವ ಮುಂಚೆ ಐದು ನಿಮಿಷ, ನಾಳೆ ಮಾಡಬೇಕಾದ ಕೆಲಸಗಳನ್ನು ಕಾಗದದ ಮೇಲೆ ಬಿಡಿಬಿಡಿಯಾಗಿ ಬರೆಯಿರಿ. ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 57 ಮಂದಿಯನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದಾಗ, ನಾಳಿನ ಪಟ್ಟಿ ಬರೆದವರು ಮುಗಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋಗಿದ್ದರು. ವಿವರ ಹೆಚ್ಚಿದ್ದಷ್ಟೂ ನಿದ್ದೆ ಬೇಗ ಬಂದಿತ್ತು.

ಪ್ರಶ್ನೆ: ಸವಾಲನ್ನು ಎಲ್ಲರಿಗೂ ಹೇಳಬೇಕೇ, ಗುಟ್ಟಾಗಿಡಬೇಕೇ? ಸ್ಟೇಟಸ್ ಹಾಕಿದರೆ ಮರ್ಯಾದೆಗಾದರೂ ಮಾಡುತ್ತೇನೆ ಅನ್ನಿಸುತ್ತದೆ.

ಒಬ್ಬರಿಗೆ ಹೇಳಿ. ಶುರು ಮಾಡುವ ಮುಂಚೆಯೇ ಊರಿಗೆಲ್ಲ ಸಾರಿದರೆ ಸಿಗುವ ಶಭಾಷ್‌ಗಿರಿಯಲ್ಲೇ ಅರ್ಧ ತೃಪ್ತಿ ಸಿಕ್ಕಿಬಿಡುವ ಅಪಾಯವಿದೆ. ಮಾಡಿದ್ದನ್ನು ದಾಖಲಿಸಿ, ಇನ್ನೊಬ್ಬರಿಗೆ ವರದಿ ಮಾಡುವುದು ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೆ ಗುರುತು ಹಾಕಿ, ವಾರದ ಕೊನೆಗೆ ಅದರ ಫೋಟೋವನ್ನು ಆ ಒಬ್ಬರಿಗೆ ಕಳಿಸಿ. ಆ ವ್ಯಕ್ತಿ ನಿಮ್ಮನ್ನು ಗದರಿಸುವವರೂ ಆಗಬಾರದು, "ಪರವಾಗಿಲ್ಲ ಬಿಡು" ಎನ್ನುವವರೂ ಆಗಬಾರದು. "ಈ ವಾರ ಎಷ್ಟು ದಿನ?" ಎಂದು ಕೇಳಿ ಸುಮ್ಮನಾಗುವವರು ಸಿಕ್ಕರೆ ಅದೃಷ್ಟ.

ಪ್ರಶ್ನೆ: ನಿವೃತ್ತನಾಗಿ ಎರಡು ವರ್ಷ. ಮನೆಯಲ್ಲಿ ಒಬ್ಬನೇ. ಹಳೆಯ ಸ್ನೇಹಿತರ ನಂಟು ತಪ್ಪಿದೆ. ಈ ವಯಸ್ಸಿನಲ್ಲಿ ನನಗೆ ಹೊಂದುವ ಸವಾಲು ಯಾವುದಾದರೂ ಇದೆಯೇ?

ಇದೆ, ಮತ್ತು ಈ ಪುಟದಲ್ಲಿರುವ ಎಲ್ಲ ಸವಾಲುಗಳಿಗಿಂತ ಇದಕ್ಕೆ ನಾವು ಹೆಚ್ಚು ತೂಕ ಕೊಡುತ್ತೇವೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರೊಂದಿಗಿನ ನಂಟು ಗಟ್ಟಿಯಿದ್ದವರು ಬದುಕಿ ಉಳಿಯುವ ಸಂಭವ ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚಿತ್ತು.

ನಾಲ್ಕು ವಾರ ಇಟ್ಟುಕೊಳ್ಳೋಣ. ಮೊದಲು ಕೂತು ಹನ್ನೆರಡು ಹೆಸರು ಬರೆಯಿರಿ: ಸಹೋದ್ಯೋಗಿಗಳು, ಸಹಪಾಠಿಗಳು, ದೂರದ ನೆಂಟರು, ಹಿಂದೆ ನೆರೆಯಲ್ಲಿದ್ದವರು. ವಾರಕ್ಕೆ ಮೂವರು. ಸೋಮವಾರ ಒಂದು ಸಂದೇಶ, ಬುಧವಾರ ಒಂದು, ಶುಕ್ರವಾರ ಒಂದು. ಉದ್ದ ಬರೆಯಬೇಡಿ. "ಹೇಗಿದ್ದೀಯ" ಎಂಬುದಕ್ಕೆ "ಚೆನ್ನಾಗಿದ್ದೀನಿ" ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ. ಇಬ್ಬರಿಗೂ ಗೊತ್ತಿರುವ ಒಂದು ನೆನಪನ್ನು ಹಿಡಿದು ಬರೆಯಿರಿ: "ನಾವಿಬ್ಬರೂ ಲೆಕ್ಕ ತಾಳೆಯಾಗದೆ ರಾತ್ರಿ ಹತ್ತರವರೆಗೆ ಕೂತ ಮಾರ್ಚ್ ಮೂವತ್ತೊಂದು ನೆನಪಾಯಿತು. ಈ ವಾರ ಒಂದು ದಿನ ಕರೆ ಮಾಡಲೇ? ಸಂಜೆ ಐದಕ್ಕಾದರೆ ಆದೀತೇ?" ಹೊತ್ತನ್ನು ನೀವೇ ಸೂಚಿಸಿದರೆ ಅವರಿಗೆ ಒಪ್ಪಿಕೊಳ್ಳುವುದು ಸುಲಭ.

ಕೆಲವರು ಉತ್ತರಿಸುವುದಿಲ್ಲ. ನಂಬರು ಬದಲಾಗಿರಬಹುದು, ಆರೋಗ್ಯ ಸರಿಯಿಲ್ಲದಿರಬಹುದು. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಬರಬೇಕಾದ್ದು ಕಳಿಸಿದ ಸಂದೇಶ, ಬಂದ ಉತ್ತರ ಅಲ್ಲ. ಇದ್ದಕ್ಕಿದ್ದಂತೆ ಬಂದ ವಿಚಾರಣೆಯನ್ನು ಎದುರಿನವರು ಎಷ್ಟು ಮೆಚ್ಚುತ್ತಾರೆ ಎಂಬುದನ್ನು ಕಳಿಸುವವರು ಕಡಿಮೆ ಅಂದಾಜು ಮಾಡುತ್ತಾರೆ ಎಂಬುದು ಪೆಗ್ಗಿ ಲಿಯು ಮತ್ತು ಸಂಗಡಿಗರ 2022ರ ಅಧ್ಯಯನಗಳಲ್ಲಿ ಕಂಡುಬಂದಿದೆ. ಹೆಚ್ಚು ನಿರೀಕ್ಷೆಯಿಲ್ಲದೆ ಬಂದ ಸಂದೇಶಕ್ಕೆ ಮೆಚ್ಚುಗೆಯೂ ಹೆಚ್ಚು.

ಎರಡನೇ ವಾರದಿಂದ ಇನ್ನೊಂದನ್ನು ಸೇರಿಸಿ: ವಾರದಲ್ಲಿ ಎರಡು ದಿನ, ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ. ಗ್ರಂಥಾಲಯ, ಉದ್ಯಾನ, ಒಂದು ತರಗತಿ, ಯಾವುದಾದರೂ ಸರಿ. ಸ್ನೇಹ ಹುಟ್ಟುವುದು ಮತ್ತೆ ಮತ್ತೆ ಅದೇ ಮುಖ ನೋಡುವುದರಿಂದ. ದಿನಕ್ಕೊಂದು ಹೊಸ ಜಾಗ ಸುತ್ತಿದರೆ ಎಲ್ಲೂ ಯಾರೂ ಪರಿಚಯವಾಗುವುದಿಲ್ಲ.

ಪ್ರಶ್ನೆ: ತಣ್ಣೀರು ಸ್ನಾನದ ಮೂವತ್ತು ದಿನದ ಸವಾಲು ಮಾಡಬೇಕೆಂದಿದ್ದೇನೆ. ಎಷ್ಟು ಹೊತ್ತು?

ಮೂವತ್ತು ಸೆಕೆಂಡು ಸಾಕು. ನೆದರ್‌ಲ್ಯಾಂಡ್ಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಸಿನೀರಿನ ಶವರ್‌ನ ಕೊನೆಗೆ 30, 60 ಅಥವಾ 90 ಸೆಕೆಂಡು ತಣ್ಣೀರು ಬಿಟ್ಟುಕೊಂಡವರು ಕಾಯಿಲೆ ರಜೆ ಹಾಕಿದ್ದು ಶೇ 29ರಷ್ಟು ಕಡಿಮೆ. ಸೆಕೆಂಡು ಹೆಚ್ಚಿದ್ದಕ್ಕೆ ಲಾಭ ಹೆಚ್ಚಲಿಲ್ಲ. ಕಾಯಿಲೆ ಬಿದ್ದ ದಿನಗಳೇನೂ ಕಡಿಮೆಯಾಗಿರಲಿಲ್ಲ, ಕೆಲಸಕ್ಕೆ ಹೋಗುವ ಶಕ್ತಿ ಉಳಿದಿತ್ತು ಅಷ್ಟೆ. ಕಾಲಿನಿಂದ ಶುರು ಮಾಡಿ, ಉಸಿರು ಬಿಗಿಹಿಡಿಯದೆ ನಿಧಾನ ಬಿಡಿ. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಚಳಿಗೆ ಬೆರಳು ಬಿಳುಚುವ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಪ್ರಶ್ನೆ: ನಡಿಗೆ, ಡೈರಿ, ಧ್ಯಾನ ಎಲ್ಲ ಮಾಡಿದೆ. ದಿನಾ ರಾತ್ರಿ "ಇವತ್ತು ಸಂತೋಷವಾಗಿದ್ದೆನೇ" ಎಂದು ಹತ್ತಕ್ಕೆ ಅಂಕ ಹಾಕುತ್ತೇನೆ. ಎರಡು, ಮೂರು ದಾಟುವುದಿಲ್ಲ. ನಿದ್ದೆಯೂ ಸರಿಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ.

ಅಂಕ ಹಾಕುವುದನ್ನು ಇಂದಿನಿಂದ ನಿಲ್ಲಿಸಿ. ಸಂತೋಷವನ್ನು ದಿನಾ ಅಳೆಯುತ್ತಿದ್ದರೆ ಕೊರತೆಯೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ಮಂಕುತನ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಕ್ಕೂ ಹೆಚ್ಚು ಕಾಲ, ಬಹುತೇಕ ಪ್ರತಿದಿನ ಇದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಈ ವಾರವೇ ವೈದ್ಯರನ್ನು ಕಾಣಿ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿನಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು. ಥೈರಾಯ್ಡ್ ತೊಂದರೆ, ರಕ್ತಹೀನತೆಯಿಂದಲೂ ಇಂಥ ಸುಸ್ತು ಬರಬಹುದು, ಪರೀಕ್ಷಿಸಲು ಕೇಳಿ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ವಾರದವರೆಗೆ ಕಾಯಬೇಡಿ. ಇಂದೇ ನಿಮ್ಮವರಲ್ಲೊಬ್ಬರಿಗೆ ಹೇಳಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ.

ಸವಾಲುಗಳನ್ನು ಪೂರೈಸಲಾಗದ್ದು ನಿಮ್ಮ ತಪ್ಪಲ್ಲ. ಚಿಕಿತ್ಸೆ ಶುರುವಾದ ಮೇಲೆ ವೈದ್ಯರು ಒಪ್ಪಿದರೆ ಹತ್ತು ನಿಮಿಷದ ನಡಿಗೆಯೊಂದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಸದ್ಯ ಬಿಡಿ.

ಪ್ರಶ್ನೆ: ಮೂವತ್ತು ದಿನ ದಿನಾ ಚಿತ್ರ ಬಿಡಿಸುವ ಸವಾಲು ಮುಗಿಸಿದೆ. ಮೊದಲಿನ ಖುಷಿ ಈಗಿಲ್ಲ. ಮುಂದೇನು?

ಪದೇಪದೇ ಸಿಗುವ ಸಂತೋಷಕ್ಕೆ ಮನಸ್ಸು ಒಗ್ಗಿಹೋಗುತ್ತದೆ, ಅದು ಸಹಜ. ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಒಂದು ವಾರ ಚಾಕೊಲೇಟ್ ಮುಟ್ಟಬೇಡಿ ಎಂದರು, ಕೆಲವರಿಗೆ ಬೇಕಾದಷ್ಟು ತಿನ್ನಿ ಎಂದರು. ವಾರದ ಕೊನೆಗೆ ಎಲ್ಲರಿಗೂ ಚಾಕೊಲೇಟ್ ಕೊಟ್ಟಾಗ ಹೆಚ್ಚು ಸವಿದವರು ಬಿಟ್ಟಿದ್ದವರು. ನೀವೂ ಒಂದು ವಾರ ಕುಂಚ ಎತ್ತಿಡಿ, ಮರಳಿ ಶುರು ಮಾಡುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಇಲ್ಲದಿದ್ದರೆ ವಾರ ವರ್ಷವಾದೀತು. ಮರಳಿದಾಗ ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ಜೊತೆಗೆ ಒಂದು ಕಟ್ಟು ಇರಲಿ: ಒಂದು ವಾರ ಪೆನ್ಸಿಲ್ ಮಾತ್ರ, ಮುಂದಿನ ವಾರ ಕೈಗಳನ್ನು ಮಾತ್ರ, ಅದರ ಮುಂದಿನ ವಾರ ಹತ್ತು ನಿಮಿಷದೊಳಗೆ ಮುಗಿಯುವ ಚಿತ್ರಗಳು. ಬಿಡಿಸಿದ ಮೂವತ್ತನ್ನು ಎಸೆಯಬೇಡಿ. ಒಂದನೆಯದನ್ನೂ ಮೂವತ್ತನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಮುಂದೆ ಯಾವುದನ್ನು ಕಲಿಯಬೇಕೆಂಬುದು ನಿಮಗೇ ಕಾಣುತ್ತದೆ.